ಸ್ಟಿರಾಯ್ಡ್‌ಗೆ ಬಗ್ಗದ ನೆಫ್ರೋಟಿಕ್ ಸಿಂಡ್ರೋಮ್: ಮುಂದಿನ ಔಷಧಿ ಯಾವುದು, ಎಷ್ಟು ಕಾಲ?

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. ಮುಖ ಮತ್ತು ಕಾಲು ಊದಿಕೊಂಡಿದ್ದರಿಂದ ಪರೀಕ್ಷೆ ಮಾಡಿಸಿದಾಗ ನೆಫ್ರೋಟಿಕ್ ಸಿಂಡ್ರೋಮ್ ಎಂದರು. ಆರು ವಾರ ಪ್ರತಿದಿನ ಪ್ರೆಡ್ನಿಸೋಲೋನ್ ಕೊಟ್ಟರೂ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ನಿಂತಿಲ್ಲ. ಈಗ ಕಿಡ್ನಿ ಬಯಾಪ್ಸಿ ಮತ್ತು ಜೀನ್ ಪರೀಕ್ಷೆ ಮಾಡಿಸಿ, ಟ್ಯಾಕ್ರೋಲಿಮಸ್ ಶುರು ಮಾಡೋಣ ಎನ್ನುತ್ತಿದ್ದಾರೆ. ಅದು ಕಿಡ್ನಿ ಕಸಿ ಆದವರಿಗೆ ಕೊಡುವ ಔಷಧಿ, ಕಿಡ್ನಿಗೇ ಹಾನಿ ಮಾಡಬಹುದು ಎಂದು ಓದಿ ಭಯವಾಗಿದೆ. ಸ್ಟಿರಾಯ್ಡನ್ನೇ ಇನ್ನಷ್ಟು ದಿನ ಕೊಟ್ಟು ನೋಡಬಾರದೇ? ಈ ಹೊಸ ಔಷಧಿ ಎಷ್ಟು ಕಾಲ ಬೇಕಾಗುತ್ತದೆ? ಇದಕ್ಕೂ ಬಗ್ಗದಿದ್ದರೆ ಮುಂದೇನು?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಪೂರ್ಣ ಪ್ರಮಾಣದ ಸ್ಟಿರಾಯ್ಡನ್ನು ಆರು ವಾರ ತಪ್ಪದೆ ಕೊಟ್ಟ ಮೇಲೂ ಪ್ರೋಟೀನ್ ಸೋರಿಕೆ ಹಾಗೆಯೇ ಉಳಿದಿದ್ದರೆ, ಅದನ್ನೇ ತಿಂಗಳುಗಟ್ಟಲೆ ಎಳೆಯುವುದರಿಂದ ಸಿಗುವ ಲಾಭ ಬಹಳ ಕಡಿಮೆ. ಎತ್ತರ ಕುಂಠಿತವಾಗುವುದು, ಮೂಳೆ ಸವೆಯುವುದು, ರಕ್ತದೊತ್ತಡ ಏರುವುದು, ಕಣ್ಣಿನಲ್ಲಿ ಪೊರೆ ಬೆಳೆಯುವುದು, ಸೋಂಕು ತಗಲುವುದು ಇವೆಲ್ಲ ಮಾತ್ರ ಬೇಗ ಎದುರಾಗುತ್ತವೆ. ಆದ್ದರಿಂದ ನಿಮ್ಮ ವೈದ್ಯರು ದಾರಿ ಬದಲಿಸಲು ಹೊರಟಿರುವುದು ಸರಿಯಾದ ನಿರ್ಧಾರ. ಆದರೆ ಹೊಸ ಔಷಧಿಯ ಮಾತಿಗೆ ಮುನ್ನ ಇನ್ನೊಂದು ಮಾತಿದೆ: ಯಾವ ಕಾರಣದಿಂದ ಪ್ರೋಟೀನ್ ಸೋರುತ್ತಿದೆ ಎಂಬುದು ಗೊತ್ತಾಗದೆ ಈ ಕಾಯಿಲೆಯಲ್ಲಿ ಔಷಧಿಯ ದಾರಿಯನ್ನು ಖಚಿತವಾಗಿ ನಿರ್ಧರಿಸಲಾಗದು. ಬಯಾಪ್ಸಿಯನ್ನೂ ಜೀನ್ ಪರೀಕ್ಷೆಯನ್ನೂ ಟ್ಯಾಕ್ರೋಲಿಮಸ್ ಜೊತೆಯಲ್ಲೇ ಹೇಳಿರುವುದು ಇದೇ ಕಾರಣಕ್ಕೆ.

ಪ್ರತಿ ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಗ್ಲೊಮೆರುಲಸ್‌ಗಳು, ಅಂದರೆ ಅತಿಸೂಕ್ಷ್ಮ ರಕ್ತನಾಳಗಳ ಗೊಂಚಲುಗಳು ಇರುತ್ತವೆ. ರಕ್ತ ಇಲ್ಲಿ ಜರಡಿಯಲ್ಲಿ ಸೋಸಿದಂತೆ ಸೋಸಲ್ಪಟ್ಟು, ನೀರು ಮತ್ತು ತ್ಯಾಜ್ಯ ಹೊರಹೋಗಿ, ಆಲ್ಬುಮಿನ್‌ನಂತಹ ದೊಡ್ಡ ಪ್ರೋಟೀನ್‌ಗಳು ರಕ್ತದಲ್ಲೇ ಉಳಿಯುತ್ತವೆ. ರಕ್ತನಾಳಗಳ ಹೊರಗೋಡೆಗೆ ಪೋಡೋಸೈಟ್ ಎಂಬ ಜೀವಕೋಶಗಳು ತಮ್ಮ ಕಾಲುಗಳನ್ನು ಒಂದಕ್ಕೊಂದು ಹೆಣೆದು ಅಂಟಿಕೊಂಡಿರುತ್ತವೆ. ಆ ಕಾಲುಗಳ ನಡುವಿನ ಸಂದಿಯಲ್ಲಿ ನೆಫ್ರಿನ್, ಪೋಡೋಸಿನ್ ಮುಂತಾದ ಪ್ರೋಟೀನ್‌ಗಳ ತೆಳುವಾದ ಪರದೆ ಇದೆ. ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ಕೆಡುವುದು ಮುಖ್ಯವಾಗಿ ಈ ಪೋಡೋಸೈಟ್‌ಗಳೇ. ಅವುಗಳ ಕಾಲು ಚಪ್ಪಟೆಯಾಗಿ, ಪರದೆ ಸಡಿಲಗೊಂಡು, ಆಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ರಕ್ತದಲ್ಲಿ ಅದು ಕಡಿಮೆಯಾದಾಗ ಮೈಯಲ್ಲಿ ನೀರು ತುಂಬಿ ಊತ ಬರುತ್ತದೆ.

ಪೋಡೋಸೈಟ್ ಕೆಡಲು ಎರಡು ಬಗೆಯ ಕಾರಣಗಳುಂಟು. ದೇಹದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಪೋಡೋಸೈಟ್‌ಗೆ ಪೆಟ್ಟು ಕೊಡುವುದು ಒಂದು ಬಗೆ. ಪೋಡೋಸೈಟ್‌ನ ರಚನೆಯಲ್ಲಿಯೇ ಹುಟ್ಟಿನಿಂದ ಜೀನ್ ದೋಷವಿರುವುದು ಇನ್ನೊಂದು ಬಗೆ. ಸ್ಟಿರಾಯ್ಡ್ ಮತ್ತು ಟ್ಯಾಕ್ರೋಲಿಮಸ್ ಮುಂತಾದ ಔಷಧಿಗಳು ಕೆಲಸ ಮಾಡುವುದು ಬಹುಮಟ್ಟಿಗೆ ಮೊದಲ ಬಗೆಯಲ್ಲಿ. ಹೊರಗಿನಿಂದ ನೋಡಿದರೆ ಎರಡೂ ಮಕ್ಕಳಲ್ಲಿ ಅದೇ ಊತ, ಅದೇ ಪ್ರೋಟೀನ್. ಕಣ್ಣಿನ ಅಂದಾಜಿನಿಂದ ಬೇರ್ಪಡಿಸಲು ಯಾರಿಗೂ ಸಾಧ್ಯವಿಲ್ಲ.

ನೆಫ್ರೋಟಿಕ್ ಸಿಂಡ್ರೋಮ್ ಬಂದ ಮಕ್ಕಳಲ್ಲಿ 85ರಿಂದ 90% ಮಕ್ಕಳು ಸ್ಟಿರಾಯ್ಡ್‌ಗೆ ಸ್ಪಂದಿಸುತ್ತಾರೆ. ಉಳಿದ ಸಣ್ಣ ಗುಂಪನ್ನು ಸ್ಟಿರಾಯ್ಡ್ ನಿರೋಧಕ ಎನ್ನುತ್ತೇವೆ. ಈ ಹಣೆಪಟ್ಟಿ ಹಚ್ಚುವ ಮುನ್ನ ಕೆಲವು ಸಂಗತಿಗಳನ್ನು ಖಚಿತಪಡಿಸಿಕೊಳ್ಳಲೇಬೇಕು. ಪ್ರೆಡ್ನಿಸೋಲೋನ್ ಪ್ರಮಾಣವನ್ನು ಮಗುವಿನ ದೇಹದ ಮೇಲ್ಮೈ ವಿಸ್ತೀರ್ಣದ ಲೆಕ್ಕದಲ್ಲಿ, ಪ್ರತಿ ಚದರ ಮೀಟರಿಗೆ ದಿನಕ್ಕೆ 60 ಮಿಲಿಗ್ರಾಂ, ಗರಿಷ್ಠ 60 ಮಿಲಿಗ್ರಾಂ ಎಂದು ನಿಗದಿ ಮಾಡುತ್ತೇವೆ. ಅಷ್ಟು ಸಿಕ್ಕಿತ್ತೇ, ಮಗು ಮಾತ್ರೆಯನ್ನು ವಾಂತಿ ಮಾಡಿಕೊಳ್ಳುತ್ತಿತ್ತೇ, ಒಳಗೆಲ್ಲಾದರೂ ಸೋಂಕು ಅಡಗಿದೆಯೇ ಎಂದು ನೋಡಬೇಕು. ಹಲ್ಲಿನ ಹುಳುಕು, ಸೈನಸ್ ಸೋಂಕು, ಮೂತ್ರದ ಸೋಂಕು ಇಂಥವು ಇದ್ದರೆ ಸ್ಟಿರಾಯ್ಡ್ ಕೆಲಸ ಮಾಡುತ್ತಿಲ್ಲವೇನೋ ಎಂಬಂತೆ ಕಾಣುವುದುಂಟು. ಸೋಂಕು ವಾಸಿಯಾದ ಮೇಲೆ ಅದೇ ಮಗು ಸ್ಪಂದಿಸುವುದೂ ಉಂಟು.

ಮೂತ್ರದ ಮಾದರಿಯ ವಿಷಯವೂ ಅಷ್ಟೇ ಮುಖ್ಯ. ಬೆಳಿಗ್ಗೆ ಎದ್ದ ಕೂಡಲೇ ಹಿಡಿದ ಮೊದಲ ಮೂತ್ರದಲ್ಲಿ ಪ್ರೋಟೀನ್ ಮತ್ತು (ಕಿಡ್ನಿ ಹೊರಹಾಕುವ ತ್ಯಾಜ್ಯವಾದ) ಕ್ರಿಯೇಟಿನಿನ್‌ಗಳ ಅನುಪಾತವನ್ನು ಅಳೆಯಬೇಕು. ಅದು 0.2ಕ್ಕಿಂತ ಕಡಿಮೆಯಾದರೆ ಪೂರ್ಣ ಉಪಶಮನ. 2 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಪೂರ್ತಿ ಸಕ್ರಿಯ. ನಡುವೆ ಇದ್ದು, ರಕ್ತದ ಆಲ್ಬುಮಿನ್ ಪ್ರತಿ ಡೆಸಿಲೀಟರಿಗೆ 3 ಗ್ರಾಂ ಅಥವಾ ಹೆಚ್ಚಿದ್ದರೆ ಭಾಗಶಃ ಉಪಶಮನ. ದಿನವಿಡೀ ಓಡಾಡಿದ ಮೇಲೆ ಹಿಡಿದ ಮಾದರಿಯಲ್ಲಿ ಪ್ರೋಟೀನ್ ಕೊಂಚ ಹೆಚ್ಚೇ ತೋರುತ್ತದೆ. ಭಾಗಶಃ ಉಪಶಮನ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರ ಬೆಲೆ ಏನೆಂದು ಹೇಳುತ್ತೇನೆ.

ಈಗ ಬಳಕೆಯಲ್ಲಿರುವ ಅಂತಾರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ, ನಾಲ್ಕು ವಾರ ಪ್ರತಿದಿನ ಸ್ಟಿರಾಯ್ಡ್ ಕೊಟ್ಟ ಮೇಲೆ ಪೂರ್ಣ ಉಪಶಮನ ಬರದಿದ್ದರೆ ಮುಂದಿನ ಎರಡು ವಾರಗಳನ್ನು ದೃಢೀಕರಣದ ಅವಧಿ ಎಂದು ಪರಿಗಣಿಸುತ್ತಾರೆ. ಆ ಅವಧಿಯಲ್ಲಿ ಸ್ಟಿರಾಯ್ಡ್ ಮುಂದುವರಿಯುತ್ತದೆ, ಕೆಲವೊಮ್ಮೆ ಮೀಥೈಲ್ ಪ್ರೆಡ್ನಿಸೋಲೋನ್ ಅನ್ನು ಮೂರು ಬಾರಿ ರಕ್ತನಾಳದ ಮೂಲಕ ಕೊಡುತ್ತಾರೆ, ಎನಲಾಪ್ರಿಲ್ ಬಗೆಯ ಔಷಧಿ ಸೇರಿಸುತ್ತಾರೆ. ತಡವಾಗಿ ಸ್ಪಂದಿಸುವ ಕೆಲವು ಮಕ್ಕಳು ಈ ಎರಡು ವಾರಗಳಲ್ಲಿ ಗುಣ ತೋರಿಸುತ್ತಾರೆ. ನಿಮ್ಮ ಮಗನಿಗೆ ಆರು ವಾರಗಳು ಮುಗಿದಿರುವುದರಿಂದ ಆ ಅವಕಾಶ ಸಿಕ್ಕಾಗಿದೆ.

ಬಯಾಪ್ಸಿಯ ಬಗ್ಗೆ ಹೆಚ್ಚು ಹೆದರಬೇಕಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿಯಿಂದ ಕಿಡ್ನಿಯ ಸಣ್ಣ ತುಣುಕೊಂದನ್ನು ತೆಗೆಯುತ್ತಾರೆ. ಒಂದೆರಡು ದಿನ ಮೂತ್ರದಲ್ಲಿ ರಕ್ತ ಕಾಣಬಹುದು, ಗಂಭೀರ ತೊಂದರೆ ಅಪರೂಪ. ಸಾಮಾನ್ಯವಾಗಿ ಕಾಣುವುದು ಮೂರು ಚಿತ್ರಗಳು: ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದ ಮಿನಿಮಲ್ ಚೇಂಜ್ ಕಾಯಿಲೆ, ಅಲ್ಲಲ್ಲಿ ಗಾಯದ ಕಲೆಯಂತೆ ಗಟ್ಟಿಯಾದ ಎಫ್‌ಎಸ್‌ಜಿಎಸ್, ಮತ್ತು ಗ್ಲೊಮೆರುಲಸ್‌ನ ರಕ್ತನಾಳಗಳ ನಡುವಿನ ಜೀವಕೋಶಗಳು ಹೆಚ್ಚಿದ ಮೆಸಾಂಜಿಯಲ್ ಬದಲಾವಣೆ. ಅದಕ್ಕಿಂತ ಮುಖ್ಯವಾಗಿ, ಬೇರೆಯೇ ಚಿಕಿತ್ಸೆ ಬೇಕಾಗುವ ಮೆಂಬ್ರೇನಸ್ ಕಾಯಿಲೆ, ಲೂಪಸ್ ಮುಂತಾದವು ಬಯಾಪ್ಸಿಯಿಂದಲೇ ಗೊತ್ತಾಗುತ್ತವೆ. ಟ್ಯಾಕ್ರೋಲಿಮಸ್ ಶುರುವಾಗುವ ಮುನ್ನ ಕಿಡ್ನಿಯ ಸ್ಥಿತಿ ಹೇಗಿತ್ತೆಂಬ ದಾಖಲೆಯೂ ಸಿಗುತ್ತದೆ. ಎರಡು ವರ್ಷಗಳ ನಂತರ ಮತ್ತೆ ಬಯಾಪ್ಸಿ ಮಾಡಬೇಕಾದರೆ ಹೋಲಿಸಿ ನೋಡಲು ಅದು ಬೇಕೇ ಬೇಕು.

ಜೀನ್ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪೋಷಕರು ತಳ್ಳಿಹಾಕಲು ನೋಡುವುದು ಇದನ್ನೇ. ನನ್ನ ಅಭಿಪ್ರಾಯದಲ್ಲಿ ಇಡೀ ಚಿಕಿತ್ಸೆಯ ದಿಕ್ಕನ್ನು ತಿರುಗಿಸಬಲ್ಲ ಪರೀಕ್ಷೆಯೂ ಇದೇ. 1998ರಲ್ಲಿ ನೆಫ್ರಿನ್‌ನ ಜೀನ್, 2000ದಲ್ಲಿ ಪೋಡೋಸಿನ್‌ನ ಜೀನ್ ಪತ್ತೆಯಾದವು. ಅಲ್ಲಿಂದೀಚೆಗೆ ಐವತ್ತಕ್ಕೂ ಹೆಚ್ಚು ಜೀನ್‌ಗಳ ದೋಷದಿಂದ ಈ ಕಾಯಿಲೆ ಬರಬಹುದೆಂದು ಗೊತ್ತಾಗಿದೆ. 2015ರಲ್ಲಿ ಪ್ರಕಟವಾದ, 1783 ಕುಟುಂಬಗಳನ್ನು ಒಳಗೊಂಡ ಅಧ್ಯಯನದಲ್ಲಿ ಸ್ಟಿರಾಯ್ಡ್‌ಗೆ ಬಗ್ಗದವರ ಪೈಕಿ ಸುಮಾರು 30% ಕುಟುಂಬಗಳಲ್ಲಿ ಒಂದೇ ಜೀನ್‌ನ ದೋಷ ಕಾರಣವಾಗಿತ್ತು. ಮೊದಲ ವರ್ಷದೊಳಗೆ ಕಾಯಿಲೆ ಬಂದ ಶಿಶುಗಳಲ್ಲಿ ಈ ಪಾಲು ಅರ್ಧಕ್ಕಿಂತಲೂ ಹೆಚ್ಚು. ವಯಸ್ಸು ಏರಿದಂತೆ ಕಡಿಮೆಯಾಗುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದ ದಂಪತಿಯ ಮಕ್ಕಳಲ್ಲಿ, ಮನೆಯಲ್ಲಿ ಇನ್ನೊಬ್ಬರಿಗೆ ಕಿಡ್ನಿ ಕಾಯಿಲೆ ಇದ್ದಾಗ, ಕಿವಿ, ಕಣ್ಣು ಅಥವಾ ಜನನಾಂಗದಲ್ಲಿ ಬೇರೆ ತೊಂದರೆಯೂ ಇದ್ದಾಗ ಅನುಮಾನ ಬಲವಾಗುತ್ತದೆ.

ದೋಷ ಖಚಿತವಾದರೆ ಏನು ಬದಲಾಗುತ್ತದೆ? ಸ್ಟಿರಾಯ್ಡ್ ನಿಲ್ಲಿಸಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳಿಂದ ಮಗುವಿಗೆ ಬಿಡುಗಡೆ ಸಿಗುತ್ತದೆ. ಅಂಥ ಮಕ್ಕಳಲ್ಲಿ ಟ್ಯಾಕ್ರೋಲಿಮಸ್‌ನಿಂದ ಅಲ್ಲೊಂದು ಇಲ್ಲೊಂದು ಭಾಗಶಃ ಪ್ರಯೋಜನ ಕಂಡಿದ್ದರೂ ಪೂರ್ಣ ಉಪಶಮನ ಬಹಳ ಅಪರೂಪ. ಇದಕ್ಕೊಂದು ಸಂತೋಷದ ಅಪವಾದವೂ ಇದೆ: ದೇಹದಲ್ಲಿ ಕೋಎಂಜೈಮ್ ಕ್ಯೂ10 ತಯಾರಾಗುವ ಹಾದಿಯ ಜೀನ್‌ಗಳಲ್ಲಿ ದೋಷವಿದ್ದರೆ, ಅದೇ ವಸ್ತುವನ್ನು ಹೆಚ್ಚಿನ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಟ್ಟಾಗ ಕೆಲವು ಮಕ್ಕಳಲ್ಲಿ ಪ್ರೋಟೀನ್ ಸೋರಿಕೆ ಗಮನಾರ್ಹವಾಗಿ ಇಳಿಯುತ್ತದೆ. ಬೇಗ ಪತ್ತೆಯಾದಷ್ಟೂ ಲಾಭ ಹೆಚ್ಚು. ವರದಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಆಗಬಹುದು. ಅಲ್ಲಿಯವರೆಗೆ ಕೈಕಟ್ಟಿ ಕೂರದೆ ಟ್ಯಾಕ್ರೋಲಿಮಸ್ ಶುರು ಮಾಡಿ, ಜೀನ್ ದೋಷ ಖಚಿತವಾದರೆ ನಿಲ್ಲಿಸುವುದು ಒಪ್ಪಿತ ಕ್ರಮ. ವರದಿಯಲ್ಲಿ ‘ಅರ್ಥ ಖಚಿತವಿಲ್ಲದ ಬದಲಾವಣೆ’ ಎಂದು ಬಂದಿದ್ದರೆ ಅದನ್ನು ದೋಷವೆಂದು ತಿಳಿದು ಚಿಕಿತ್ಸೆ ನಿಲ್ಲಿಸಬೇಡಿ. ತಂದೆ ತಾಯಿಯ ರಕ್ತವನ್ನೂ ಪರೀಕ್ಷಿಸಿ, ತಳಿಶಾಸ್ತ್ರ ಬಲ್ಲವರೊಡನೆ ಕೂತು ಅದನ್ನು ಬಿಡಿಸಿಕೊಳ್ಳಬೇಕು.

ಇನ್ನು ನಿಮ್ಮ ಭಯದ ಮೂಲವಾದ ಔಷಧಿಗೆ ಬರೋಣ. ಟ್ಯಾಕ್ರೋಲಿಮಸ್ ಮತ್ತು ಅದರ ಹಿರಿಯ ಸಂಬಂಧಿಯಾದ ಸೈಕ್ಲೋಸ್ಪೋರಿನ್ ಎರಡೂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತವೆ. ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳು ಕೆರಳುವುದು ಇದರಿಂದ ತಗ್ಗುತ್ತದೆ. ಕಸಿಯಾದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಇವುಗಳನ್ನು ಬಳಸುವುದು ಅದಕ್ಕಾಗಿಯೇ. ಆದರೆ ನಿಮ್ಮ ಮಗನ ಕಾಯಿಲೆಯಲ್ಲಿ ಇವು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಸೈಕ್ಲೋಸ್ಪೋರಿನ್ ನೇರವಾಗಿ ಪೋಡೋಸೈಟ್‌ನ ಒಳಚೌಕಟ್ಟನ್ನು ಸ್ಥಿರಗೊಳಿಸುತ್ತದೆ ಎಂಬುದು 2008ರಲ್ಲಿ ಪ್ರಯೋಗಗಳಿಂದ ಸ್ಪಷ್ಟವಾಯಿತು. ಅಂದರೆ ಇದು ಕಸಿಯ ಔಷಧಿಯನ್ನು ಅನಿವಾರ್ಯಕ್ಕೆ ಎರವಲು ತಂದು ಕೊಡುವ ಚಿಕಿತ್ಸೆಯಲ್ಲ, ಕಾಯಿಲೆಯ ಜಾಗಕ್ಕೇ ಮುಟ್ಟುವ ಚಿಕಿತ್ಸೆ.

ಫಲಿತಾಂಶದ ಮಾತು ಹೇಳುವುದಾದರೆ, ಜೀನ್ ದೋಷವಿಲ್ಲದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಗುಂಪಿನ ಔಷಧಿಗಳಿಂದ ಪೂರ್ಣ ಅಥವಾ ಭಾಗಶಃ ಉಪಶಮನ ಪಡೆಯುತ್ತಾರೆ. 2012ರಲ್ಲಿ ಪ್ರಕಟವಾದ, 131 ಮಕ್ಕಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಟ್ಯಾಕ್ರೋಲಿಮಸ್ ಅನ್ನು ರಕ್ತನಾಳದ ಮೂಲಕ ಕೊಡುವ ಸೈಕ್ಲೋಫಾಸ್ಫಮೈಡ್‌ಗೆ ಹೋಲಿಸಿದ್ದರು. ಆರು ತಿಂಗಳ ಕೊನೆಗೆ ಟ್ಯಾಕ್ರೋಲಿಮಸ್ ಪಡೆದವರಲ್ಲಿ ಸುಮಾರು 82%, ಸೈಕ್ಲೋಫಾಸ್ಫಮೈಡ್ ಪಡೆದವರಲ್ಲಿ ಸುಮಾರು 46% ಮಕ್ಕಳಿಗೆ ಉಪಶಮನ ಸಿಕ್ಕಿತ್ತು, ಗಂಭೀರ ಸೋಂಕುಗಳೂ ಮೊದಲ ಗುಂಪಿನಲ್ಲೇ ಕಡಿಮೆ. ಒಂದು ಕಾಲದಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಸೈಕ್ಲೋಫಾಸ್ಫಮೈಡ್ ಈ ಕಾಯಿಲೆಯಲ್ಲಿ ಹಿಂದೆ ಸರಿದದ್ದು ಇಂಥ ಫಲಿತಾಂಶಗಳಿಂದಲೇ.

ಟ್ಯಾಕ್ರೋಲಿಮಸ್ ಅನ್ನು ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1ರಿಂದ 0.2 ಮಿಲಿಗ್ರಾಂನಂತೆ ಎರಡು ಪಾಲು ಮಾಡಿ, ಹನ್ನೆರಡು ಗಂಟೆಗಳ ಅಂತರದಲ್ಲಿ ಕೊಡುತ್ತೇವೆ. ಸೈಕ್ಲೋಸ್ಪೋರಿನ್ ಆದರೆ ಕಿಲೋಗೆ 3ರಿಂದ 5 ಮಿಲಿಗ್ರಾಂ. ಇವು ಆರಂಭದ ಅಂಕಿಗಳಷ್ಟೇ. ಒಂದೇ ಪ್ರಮಾಣ ಕೊಟ್ಟರೂ ಒಬ್ಬ ಮಗುವಿನ ರಕ್ತದಲ್ಲಿ ಕಾಣುವ ಮಟ್ಟ ಇನ್ನೊಬ್ಬ ಮಗುವಿನದಕ್ಕಿಂತ ಹಲವು ಪಟ್ಟು ಬೇರೆ ಇರಬಹುದು. ಆದ್ದರಿಂದ ರಕ್ತದ ಮಟ್ಟ ನೋಡಿ ಪ್ರಮಾಣ ಹೊಂದಿಸುವುದೇ ಈ ಚಿಕಿತ್ಸೆಯ ಜೀವಾಳ. ಟ್ಯಾಕ್ರೋಲಿಮಸ್‌ನ ಕನಿಷ್ಠ ಮಟ್ಟ, ಅಂದರೆ ಮುಂದಿನ ಡೋಸ್‌ಗೆ ಸ್ವಲ್ಪ ಮುಂಚಿನ ಮಟ್ಟ, ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 4ರಿಂದ 8 ನ್ಯಾನೋಗ್ರಾಂ ಇರಬೇಕೆಂದು ನೋಡುತ್ತೇವೆ.

ಇಲ್ಲಿ ಆಗಾಗ ಕಾಣುವ ಒಂದು ಎಡವಟ್ಟನ್ನು ವಿವರಿಸುತ್ತೇನೆ, ಏಕೆಂದರೆ ಅದನ್ನು ತಪ್ಪಿಸುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ರಕ್ತ ಪರೀಕ್ಷೆಯ ದಿನ ಬೆಳಿಗ್ಗೆ ಎಂದಿನಂತೆ ಎಂಟು ಗಂಟೆಗೆ ಮಾತ್ರೆ ಕೊಟ್ಟು, ಮಗುವನ್ನು ಒಂಬತ್ತೂವರೆಗೆ ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಾರೆ. ಆಗ ರಕ್ತದಲ್ಲಿರುವುದು ಕನಿಷ್ಠ ಮಟ್ಟವಲ್ಲ, ಗರಿಷ್ಠ ಮಟ್ಟದ ಹತ್ತಿರದ್ದು. ವರದಿಯಲ್ಲಿ 15 ಎಂದು ಬರುತ್ತದೆ, ವೈದ್ಯರು ಗಾಬರಿಯಾಗಿ ಪ್ರಮಾಣವನ್ನು ಅರ್ಧ ಮಾಡುತ್ತಾರೆ, ಮೂರು ವಾರ ಕಳೆದು ಊತ ಹೆಚ್ಚಾಗುತ್ತದೆ, ಕೊನೆಗೆ ಟ್ಯಾಕ್ರೋಲಿಮಸ್ ಈ ಮಗುವಿಗೆ ಕೆಲಸ ಮಾಡುವುದಿಲ್ಲ ಎಂದು ಕಡತದಲ್ಲಿ ದಾಖಲಾಗುತ್ತದೆ. ನಿಜವಾಗಿ ಔಷಧಿಗೆ ಅವಕಾಶವೇ ಸಿಕ್ಕಿರಲಿಲ್ಲ. ಆ ದಿನ ಮಾತ್ರೆಯನ್ನು ಜೊತೆಯಲ್ಲೇ ಒಯ್ದು, ರಕ್ತ ತೆಗೆದ ನಂತರ ನುಂಗಿಸಿ. ಹಿಂದಿನ ರಾತ್ರಿಯ ಡೋಸ್ ಎಷ್ಟು ಗಂಟೆಗೆ ಕೊಟ್ಟಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಬೇರೆ ಔಷಧಿಗಳೊಡನೆ ಟ್ಯಾಕ್ರೋಲಿಮಸ್ ನಡೆದುಕೊಳ್ಳುವ ರೀತಿಯೂ ಇಷ್ಟೇ ಎಚ್ಚರ ಬೇಡುತ್ತದೆ. ಮಗುವಿಗೆ ಕೆಮ್ಮು, ಜ್ವರ ಬಂದು, ಹತ್ತಿರದ ವೈದ್ಯರು ಕ್ಲಾರಿಥ್ರೋಮೈಸಿನ್ ಅಥವಾ ಎರಿಥ್ರೋಮೈಸಿನ್ ಬರೆದುಕೊಟ್ಟರೆ ಕೆಲವೇ ದಿನಗಳಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಎರಡು ಮೂರು ಪಟ್ಟು ಏರಿ, ಕೈ ನಡುಗುವುದು, ತಲೆನೋವು, ರಕ್ತದಲ್ಲಿ ಕ್ರಿಯೇಟಿನಿನ್ ಹೆಚ್ಚಳ (ಕಿಡ್ನಿ ಸೊರಗಿದ್ದರ ಗುರುತು) ಕಾಣಿಸಿಕೊಳ್ಳಬಹುದು. ಫ್ಲುಕೊನಜೋಲ್‌ನಂತಹ ಶಿಲೀಂಧ್ರನಾಶಕಗಳೂ, ದ್ರಾಕ್ಷಿಹಣ್ಣಿಗಿಂತ ಬೇರೆಯಾದ, ಸಿಟ್ರಸ್ ಜಾತಿಯ ಗ್ರೇಪ್‌ಫ್ರೂಟ್ ಮತ್ತು ಚಕ್ಕೋತವೂ ಹೀಗೆಯೇ ಮಟ್ಟ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮಟ್ಟವನ್ನು ಕುಸಿಯುವಂತೆ ಮಾಡುತ್ತವೆ. ತೀವ್ರ ಭೇದಿಯಾದಾಗಲೂ ಟ್ಯಾಕ್ರೋಲಿಮಸ್ ಹೆಚ್ಚು ಹೀರಲ್ಪಡುತ್ತದೆ, ಕಡಿಮೆಯಲ್ಲ. ಇದನ್ನು ಕೇಳಿ ಹಲವರು ಅಚ್ಚರಿಪಡುತ್ತಾರೆ. ಯಾವುದೇ ಹೊಸ ಔಷಧಿ ಕೊಡುವ ಮುನ್ನ ಮಗು ಟ್ಯಾಕ್ರೋಲಿಮಸ್ ಮೇಲಿದೆ ಎಂದು ಆ ವೈದ್ಯರಿಗೆ ಹೇಳಿ.

ಕಿಡ್ನಿಗೆ ಹಾನಿ ಎಂಬ ನಿಮ್ಮ ಆತಂಕ ಸುಳ್ಳಲ್ಲ. ಈ ಔಷಧಿಗಳು ಕಿಡ್ನಿಯೊಳಗಿನ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತವೆ. ಹೆಚ್ಚು ಮಟ್ಟದಲ್ಲಿ, ವರ್ಷಗಟ್ಟಲೆ ಕೊಟ್ಟರೆ ಗಾಯದ ಕಲೆ ಉಳಿಸಬಲ್ಲವು. ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಹೆಚ್ಚಬಹುದು, ಮೆಗ್ನೀಸಿಯಂ ಇಳಿಯಬಹುದು. ಸೈಕ್ಲೋಸ್ಪೋರಿನ್‌ನಲ್ಲಿ ಮೈಮೇಲೆ ಕೂದಲು ದಟ್ಟವಾಗುವುದು, ವಸಡು ಬೆಳೆಯುವುದು ಮಕ್ಕಳಿಗೆ ಬಹಳ ಮುಜುಗರ ತರುತ್ತದೆ. ಟ್ಯಾಕ್ರೋಲಿಮಸ್‌ನಲ್ಲಿ ಅದು ಕಡಿಮೆ, ಆದರೆ ಸಕ್ಕರೆ ಕಾಯಿಲೆಯ ಸಾಧ್ಯತೆ ಹೆಚ್ಚು, ಅದರಲ್ಲೂ ಸ್ಟಿರಾಯ್ಡ್ ಜೊತೆಗಿರುವಾಗ. ಆದರೆ ಈ ಅಪಾಯವನ್ನು ತೂಗಬೇಕಾದದ್ದು ಔಷಧಿಯೇ ಇಲ್ಲದ ಆರೋಗ್ಯವಂತ ಮಗುವಿನೊಡನೆ ಅಲ್ಲ, ಪ್ರೋಟೀನ್ ನಿರಂತರ ಸೋರುತ್ತಿರುವ ಮಗುವಿನೊಡನೆ. 1354 ಮಕ್ಕಳ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಹತ್ತು ವರ್ಷಗಳ ನಂತರ ಕಿಡ್ನಿ ವೈಫಲ್ಯವಿಲ್ಲದೆ ಉಳಿದವರ ಪ್ರಮಾಣ ಪೂರ್ಣ ಉಪಶಮನ ಸಿಕ್ಕವರಲ್ಲಿ 94%, ಭಾಗಶಃ ಸಿಕ್ಕವರಲ್ಲಿ 72%, ಯಾವ ಔಷಧಿಗೂ ಬಗ್ಗದವರಲ್ಲಿ 43%. ಈ ಮೂರು ಅಂಕಿಗಳನ್ನು ನಾನು ಪ್ರತಿ ಪೋಷಕರಿಗೂ ಹೇಳುತ್ತೇನೆ. ಚಿಕಿತ್ಸೆಗೆ ಶ್ರಮಪಡುವುದು ಏಕೆ ಸಾರ್ಥಕ ಎಂಬುದನ್ನು ಮೊದಲನೆಯದು ತೋರಿಸುತ್ತದೆ; ಮೂತ್ರದಲ್ಲಿ ಪ್ರೋಟೀನ್ ಪೂರ್ತಿ ನಿಲ್ಲಲಿಲ್ಲವೆಂದು ನಿರಾಶರಾಗಿ ಔಷಧಿಯನ್ನೇ ಬಿಟ್ಟುಬಿಡುವವರಿಗೆ ಎರಡನೆಯದನ್ನು ಮತ್ತೆ ಮತ್ತೆ ನೆನಪಿಸಬೇಕಾಗುತ್ತದೆ.

ಅವಧಿಯ ಬಗ್ಗೆ: ಫಲ ಸಿಗುತ್ತದೆಯೋ ಇಲ್ಲವೋ ಎಂದು ನಿರ್ಣಯಿಸಲು ಸರಿಯಾದ ರಕ್ತಮಟ್ಟದಲ್ಲಿ ಆರು ತಿಂಗಳು ಕೊಡಬೇಕು. ಒಂದೂವರೆ ತಿಂಗಳಿಗೇ ಬದಲಾಗಲಿಲ್ಲವೆಂದು ಬೇರೆ ವೈದ್ಯರನ್ನು ಹುಡುಕಿ ಹೋಗುವುದು, ಅಲ್ಲಿ ಮತ್ತೆ ಮೊದಲಿನಿಂದ ಶುರುವಾಗುವುದು, ಇದರಿಂದ ಮಗುವಿಗೇ ನಷ್ಟ. ಆರು ತಿಂಗಳ ನಂತರವೂ ಭಾಗಶಃ ಉಪಶಮನ ಕೂಡ ಬರದಿದ್ದರೆ ನಿಲ್ಲಿಸಬೇಕು; ಕೆಲಸ ಮಾಡದ ಔಷಧಿಯನ್ನು ಆಸೆಗಾಗಿ ಮುಂದುವರಿಸಿದರೆ ಕಿಡ್ನಿಗೆ ಆಗುವ ಹಾನಿ ಮಾತ್ರ ಉಳಿಯುತ್ತದೆ. ಉಪಶಮನ ಸಿಕ್ಕರೆ ಕನಿಷ್ಠ ಒಂದು ವರ್ಷ, ಸಾಮಾನ್ಯವಾಗಿ ಎರಡು ವರ್ಷದವರೆಗೆ, ಕಾಯಿಲೆಯನ್ನು ಹಿಡಿದಿಡುವ ಅತಿ ಕಡಿಮೆ ಪ್ರಮಾಣದಲ್ಲಿ ಮುಂದುವರಿಸುತ್ತೇವೆ. ಅದಕ್ಕೂ ಮೀರಿ ಬೇಕಾದರೆ, ಅಥವಾ ಕ್ರಿಯೇಟಿನಿನ್ ಏರುತ್ತಿದ್ದರೆ, ಮತ್ತೊಮ್ಮೆ ಬಯಾಪ್ಸಿ ನೋಡಿ, ರೋಗನಿರೋಧಕ ಶಕ್ತಿ ತಗ್ಗಿಸುವ ಇನ್ನೊಂದು ಔಷಧಿಯಾದ ಮೈಕೊಫಿನೋಲೇಟ್‌ಗೆ ಬದಲಾಯಿಸುವ ಯೋಚನೆ ಮಾಡುತ್ತಾರೆ. ಮೈಕೊಫಿನೋಲೇಟ್ ಕಿಡ್ನಿಗೆ ಸೌಮ್ಯವಾದರೂ ಉಪಶಮನವನ್ನು ಉಳಿಸುವ ಶಕ್ತಿಯಲ್ಲಿ ಟ್ಯಾಕ್ರೋಲಿಮಸ್‌ಗಿಂತ ದುರ್ಬಲ, ಆದ್ದರಿಂದ ಬದಲಿಸಲು ಆತುರ ಬೇಡ. ಔಷಧಿ ನಿಂತ ಮೇಲೆ ಕಾಯಿಲೆ ಮರುಕಳಿಸುವ ಮಕ್ಕಳೂ ಇದ್ದಾರೆ. ಅವರಲ್ಲಿ ಹಲವರು ಎರಡನೇ ಸಲ ಸ್ಟಿರಾಯ್ಡ್‌ಗೇ ಸ್ಪಂದಿಸುತ್ತಾರೆ ಎಂಬುದು ಸಮಾಧಾನದ ವಿಷಯ.

ಟ್ಯಾಕ್ರೋಲಿಮಸ್ ಶುರುವಾದ ಮೇಲೆ ಪ್ರೆಡ್ನಿಸೋಲೋನ್ ಅನ್ನು ದಿನ ಬಿಟ್ಟು ದಿನ ಕೊಡುತ್ತಾ, ಕ್ರಮೇಣ ಇಳಿಸಿ, ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲಿಸುತ್ತಾರೆ. ಥಟ್ಟನೆ ನಿಲ್ಲಿಸಬೇಡಿ. ವಾರಗಟ್ಟಲೆ ಸ್ಟಿರಾಯ್ಡ್ ಪಡೆದ ಮಗುವಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ತಗ್ಗಿಸಿಕೊಂಡಿರುತ್ತದೆ. ತೀವ್ರ ಜ್ವರ, ಶಸ್ತ್ರಚಿಕಿತ್ಸೆಯಂತಹ ಹೊತ್ತಿನಲ್ಲಿ ಹೆಚ್ಚುವರಿ ಸ್ಟಿರಾಯ್ಡ್ ಬೇಕಾಗಬಹುದೆಂದು ಚಿಕಿತ್ಸೆ ಕೊಡುವವರಿಗೆ ತಿಳಿಸಬೇಕು.

ಜೊತೆಗೆ ಎನಲಾಪ್ರಿಲ್, ರ‍್ಯಾಮಿಪ್ರಿಲ್ ಅಥವಾ ಲೊಸಾರ್ಟನ್ ಗುಂಪಿನ ಒಂದು ಔಷಧಿ ಇರುತ್ತದೆ. ಬಿಪಿ ಇಲ್ಲದ ಮಗುವಿಗೆ ಬಿಪಿ ಮಾತ್ರೆ ಏಕೆ ಎಂದು ಕೇಳುವವರಿದ್ದಾರೆ. ಗ್ಲೊಮೆರುಲಸ್‌ನೊಳಗಿನ ಒತ್ತಡವನ್ನು ತಗ್ಗಿಸಿ ಪ್ರೋಟೀನ್ ಸೋರಿಕೆ ಕಡಿಮೆ ಮಾಡುವುದು, ಕಲೆ ಬೀಳುವ ವೇಗವನ್ನು ತಡೆಯುವುದು ಇದರ ಕೆಲಸ. ಜೀನ್ ದೋಷವಿರುವ ಮಕ್ಕಳಿಗೂ ಇದರಿಂದ ಪ್ರಯೋಜನವಿದೆ. ವಾಂತಿ, ಭೇದಿ, ನೀರು ಕುಡಿಯಲಾಗದಷ್ಟು ಜ್ವರ ಇದ್ದಾಗ ಮಾತ್ರ ಇದನ್ನು ತಾತ್ಕಾಲಿಕವಾಗಿ ನಿಲ್ಲಿಸಿ ವೈದ್ಯರಿಗೆ ಕರೆ ಮಾಡಿ, ಏಕೆಂದರೆ ನಿರ್ಜಲೀಕರಣದ ಹೊತ್ತಿನಲ್ಲಿ ಇದೇ ಮಾತ್ರೆ ಕಿಡ್ನಿಯ ಕೆಲಸವನ್ನು ಹಠಾತ್ತಾಗಿ ಕುಗ್ಗಿಸಬಲ್ಲದು. ಹದಿಹರೆಯದ ಹೆಣ್ಣುಮಕ್ಕಳಿಗೆ ಕೊಡುವಾಗ ಇದು ಗರ್ಭಕ್ಕೆ ಹಾನಿಕರ ಎಂಬುದನ್ನು ಬಿಚ್ಚಿ ಹೇಳಲೇಬೇಕು. ಮೈಕೊಫಿನೋಲೇಟ್‌ಗೂ ಅದೇ ಮಾತು ಅನ್ವಯಿಸುತ್ತದೆ.

ಊತಕ್ಕೆ ಉಪ್ಪು ಕಡಿಮೆ ಮಾಡುವುದೇ ಮೊದಲ ಮದ್ದು. ಫ್ಯೂರೋಸೆಮೈಡ್ ಅನ್ನು ಮನೆಯಲ್ಲಿ ಸ್ವಂತ ಅಂದಾಜಿನಿಂದ ಹೆಚ್ಚಿಸಬೇಡಿ: ಮೈ ಊದಿದ್ದರೂ ರಕ್ತನಾಳದೊಳಗೆ ನೀರಿನಂಶ ಕಡಿಮೆಯಿರುವ ಮಗುವಿಗೆ ಅದು ರಕ್ತ ಹೆಪ್ಪುಗಟ್ಟಿಸುವ ಮಟ್ಟಕ್ಕೆ ಒಯ್ಯಬಹುದು. ಐಬುಪ್ರೊಫೆನ್‌ನಂತಹ ನೋವುನಿವಾರಕ ಬೇಡ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಜ್ವರದೊಡನೆ ಹೊಟ್ಟೆನೋವು ಬಂದರೆ ಕಾಯಬೇಡಿ, ಈ ಮಕ್ಕಳಲ್ಲಿ ನ್ಯೂಮೊಕಾಕಸ್ ಬ್ಯಾಕ್ಟೀರಿಯಾದಿಂದ ಹೊಟ್ಟೆಯ ಪೊರೆಗೆ ಸೋಂಕು ಹತ್ತುವುದು ಸಾಮಾನ್ಯ. ಒಂದೇ ಕಾಲು ದಪ್ಪಗಾಗಿ ನೋಯುವುದು, ತೀವ್ರ ತಲೆನೋವು, ಉಸಿರಾಟದ ತೊಂದರೆ, ಮೂತ್ರದಲ್ಲಿ ರಕ್ತ ಇವು ಹೆಪ್ಪುಗಟ್ಟುವಿಕೆಯ ಲಕ್ಷಣಗಳಾಗಿರಬಹುದು. ನ್ಯೂಮೊಕಾಕಸ್ ಮತ್ತು ಫ್ಲೂ ಲಸಿಕೆ ಹಾಕಿಸಿ. ದಡಾರ, ಚಿಕನ್‌ಪಾಕ್ಸ್‌ನಂತಹ ಜೀವಂತ ಲಸಿಕೆಗಳನ್ನು ಈ ಔಷಧಿಗಳ ಮೇಲಿರುವಾಗ ವೈದ್ಯರನ್ನು ಕೇಳದೆ ಹಾಕಿಸಬಾರದು. ಚಿಕನ್‌ಪಾಕ್ಸ್ ಆದವರ ಸಂಪರ್ಕಕ್ಕೆ ಮಗು ಬಂದರೆ ಅದೇ ದಿನ ತಿಳಿಸಿ.

ಕೊನೆಯ ಪ್ರಶ್ನೆ, ಇದಕ್ಕೂ ಬಗ್ಗದಿದ್ದರೆ? ಮೊದಲು ಮಾಡಬೇಕಾದದ್ದು ಹಿಂತಿರುಗಿ ನೋಡುವುದು. ರಕ್ತಮಟ್ಟ ನಿಜವಾಗಿ ಸರಿಯಿತ್ತೇ, ಡೋಸ್‌ಗಳು ತಪ್ಪಿದವೇ, ಜೀನ್ ಪರೀಕ್ಷೆ ಪೂರ್ತಿಯಾಗಿದೆಯೇ ಎಂದು ಪರಿಶೀಲಿಸದೆ ಮುಂದಿನ ಔಷಧಿಗೆ ಜಿಗಿಯಬಾರದು. ಆ ಮೇಲೆ ಉಳಿಯುವ ಆಯ್ಕೆಗಳಲ್ಲಿ ಮುಖ್ಯವಾದದ್ದು ಪ್ರತಿಕಾಯಗಳ ಮೂಲವಾದ ಬಿ ಜೀವಕೋಶಗಳನ್ನು ತೊಡೆದುಹಾಕುವ ರಿಟುಕ್ಸಿಮ್ಯಾಬ್. ಸ್ಟಿರಾಯ್ಡ್‌ಗೆ ಸ್ಪಂದಿಸಿ ಪದೇಪದೇ ಮರುಕಳಿಸುವ ಮಕ್ಕಳಲ್ಲಿ ಇದರ ಗುಣ ಚೆನ್ನಾಗಿ ಸಾಬೀತಾಗಿದೆ. ನಿರೋಧಕ ಕಾಯಿಲೆಯಲ್ಲಿ ಹಾಗಲ್ಲ. 2012ರಲ್ಲಿ 31 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಅದರಿಂದ ಪ್ರೋಟೀನ್ ಸೋರಿಕೆ ಕಡಿಮೆಯಾಗಲಿಲ್ಲ. ಆದರೂ ಬಳಕೆಯ ಅನುಭವದಲ್ಲಿ ಕೆಲವು ಮಕ್ಕಳು, ಅದರಲ್ಲೂ ಮೊದಲು ಸ್ಟಿರಾಯ್ಡ್‌ಗೆ ಸ್ಪಂದಿಸಿ ಆಮೇಲೆ ನಿರೋಧಕರಾದವರು, ಗುಣ ತೋರಿಸುವುದರಿಂದ ಎಚ್ಚರದಿಂದ ಪ್ರಯತ್ನಿಸುತ್ತೇವೆ. ಕೊಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಕೊಟ್ಟ ನಂತರ ರಕ್ತದ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳ ಮಟ್ಟ ನೋಡುತ್ತಿರಬೇಕು. ಪೋಡೋಸೈಟ್‌ನ ಪರದೆಯ ಮೇಲೆಯೇ ದಾಳಿ ಮಾಡುವ ನೆಫ್ರಿನ್ ವಿರೋಧಿ ಪ್ರತಿಕಾಯಗಳು ಮಿನಿಮಲ್ ಚೇಂಜ್ ಕಾಯಿಲೆಯ ಹಲವರಲ್ಲಿ ಇವೆಯೆಂದು 2022ರಲ್ಲೂ, ಸಕ್ರಿಯ ಕಾಯಿಲೆಯಿದ್ದು ಔಷಧಿ ಶುರುವಾಗದ ಮಕ್ಕಳ ಪೈಕಿ ಬಹುಪಾಲಿನವರಲ್ಲಿ ಇವೆಯೆಂದು 2024ರಲ್ಲೂ ವರದಿಯಾಯಿತು. ಯಾವ ಮಗುವಿಗೆ ರಿಟುಕ್ಸಿಮ್ಯಾಬ್ ಒಗ್ಗಬಹುದು ಎಂಬುದನ್ನು ಮುಂದೆ ರಕ್ತ ಪರೀಕ್ಷೆಯಿಂದಲೇ ಊಹಿಸುವ ದಾರಿ ಇದರಿಂದ ತೆರೆಯಬಹುದೆಂಬ ಆಶೆ ನನಗಿದೆ.

ಸ್ಪಾರ್ಸೆಂಟಾನ್ ಎಂಬ ಹೊಸ ಔಷಧಿಯ ಹೆಸರನ್ನೂ ನೀವು ಓದಿರಬಹುದು. ಎಂಟು ವರ್ಷ ಮೇಲ್ಪಟ್ಟ 371 ಎಫ್‌ಎಸ್‌ಜಿಎಸ್ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಲೊಸಾರ್ಟನ್ ಗುಂಪಿನ ಇರ್ಬೆಸಾರ್ಟನ್‌ಗಿಂತ ಹೆಚ್ಚಾಗಿ ಪ್ರೋಟೀನ್ ಸೋರಿಕೆಯನ್ನು ತಗ್ಗಿಸಿತು, ಆದರೆ ಎರಡು ವರ್ಷಗಳಲ್ಲಿ ಕಿಡ್ನಿಯ ಸಾಮರ್ಥ್ಯ ಕುಸಿಯುವ ವೇಗದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಔಷಧಿಗಳೂ ಸೋತರೆ ನಿಯಮಬದ್ಧ ಔಷಧ ಪ್ರಯೋಗಕ್ಕೆ ಸೇರುವ ಅವಕಾಶವಿದೆಯೇ ಎಂದು ಕೇಳುವುದು ಒಳ್ಳೆಯದು. ಇಲ್ಲವಾದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳನ್ನೆಲ್ಲ ನಿಲ್ಲಿಸಿ, ರಕ್ತದೊತ್ತಡ, ರಕ್ತಹೀನತೆ, ಮೂಳೆ ಮತ್ತು ಬೆಳವಣಿಗೆಯ ಕಡೆ ಗಮನ ಕೊಡಬೇಕು. ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದಿಟ್ಟರೆ ಮಕ್ಕಳ ಕಿಡ್ನಿ ಕಾಯಿಲೆ ನಿಧಾನವಾಗಿ ಸಾಗುತ್ತದೆ ಎಂಬುದನ್ನು 385 ಮಕ್ಕಳನ್ನು ಐದು ವರ್ಷ ಅನುಸರಿಸಿದ 2009ರ ಅಧ್ಯಯನ ತೋರಿಸಿಕೊಟ್ಟಿದೆ.

ಕಿಡ್ನಿ ವೈಫಲ್ಯದ ಹಂತ ತಲುಪಿದ ಮಕ್ಕಳಿಗೆ ಡಯಾಲಿಸಿಸ್ ಮತ್ತು ಕಸಿ ಇದೆ, ಕಸಿಯಾದ ಮಕ್ಕಳು ಶಾಲೆಗೆ ಮರಳುತ್ತಾರೆ, ಬೆಳೆಯುತ್ತಾರೆ. ಜೀನ್ ದೋಷವಿಲ್ಲದವರಲ್ಲಿ ಮೂರನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚು ಮಂದಿಗೆ ಹೊಸ ಕಿಡ್ನಿಯಲ್ಲೂ ಕಾಯಿಲೆ ಮರಳಬಹುದು, ಆಗ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗವನ್ನು ತೆಗೆದು ಬದಲಿಸುವುದು) ಮತ್ತು ರಿಟುಕ್ಸಿಮ್ಯಾಬ್ ಬೇಕಾಗುತ್ತವೆ. ಜೀನ್ ದೋಷವಿರುವವರಲ್ಲಿ ಹಾಗೆ ಮರಳುವುದು ತೀರಾ ಕಡಿಮೆ. ತಂದೆ ಅಥವಾ ತಾಯಿ ಕಿಡ್ನಿ ಕೊಡಲು ಮುಂದೆ ಬಂದಾಗ ಅವರಲ್ಲೂ ಅದೇ ಜೀನ್‌ನ ದೋಷವಿದೆಯೇ, ಇದ್ದರೆ ಅದು ಅವರ ಆರೋಗ್ಯಕ್ಕೆ ತೊಡಕಾಗುವಂಥದ್ದೇ ಎಂದು ನೋಡಬೇಕಾಗುತ್ತದೆ. ಈಗ ಮಾಡಿಸುವ ಜೀನ್ ವರದಿಯ ಮೂಲ ಪ್ರತಿಯನ್ನು ಮಗನ ಕಡತದಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಭೇಟಿಯಲ್ಲಿ ಈ ಮೂರನ್ನು ನಿಮ್ಮ ವೈದ್ಯರ ಬಳಿ ಕೇಳಿ ಬರೆಸಿಕೊಳ್ಳಿ: ಮಗನ ರಕ್ತದಲ್ಲಿ ಟ್ಯಾಕ್ರೋಲಿಮಸ್ ಯಾವ ಮಟ್ಟದಲ್ಲಿರಬೇಕು, ಮೊದಲ ರಕ್ತ ಪರೀಕ್ಷೆ ಯಾವ ದಿನ, ಮತ್ತು ಆರು ತಿಂಗಳ ನಿರ್ಣಯ ಯಾವ ತಾರೀಖಿಗೆ ಬರುತ್ತದೆ.